ಸೊಂಟ ಕುಣಿದರೆ ಭುಜಕ್ಕೇನು ಲಾಭ?

ದಕ್ಷಿಣ ಬ್ರೆಜಿಲ್‌ನ ಫ್ಲೋರಿಯಾನೊಪೊಲಿಸ್ ನಗರದಲ್ಲಿ ಸಾಂಟಾ ಕಟರೀನಾ ರಾಜ್ಯ ವಿಶ್ವವಿದ್ಯಾಲಯವಿದೆ. ಅಲ್ಲಿನ ಸಂಶೋಧಕರು ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದ ಹೆಂಗಸರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ 16 ವಾರ ಚಾಪೆಯ ಮೇಲಿನ ಪಿಲಾಟೆಸ್ ವ್ಯಾಯಾಮ, ಇನ್ನೊಂದಕ್ಕೆ ಅಷ್ಟೇ ಕಾಲ ಬೆಲ್ಲಿ ಡಾನ್ಸ್. ಮೂರನೆಯದು ಹೋಲಿಸಿ ನೋಡಲಿಕ್ಕೆ. ಭುಜ ಎಷ್ಟು ಮೇಲೇಳುತ್ತದೆ, ಆಯಾಸ ಎಷ್ಟಿದೆ, ಮನಸ್ಸು ಹೇಗಿದೆ, ಕನ್ನಡಿಯಲ್ಲಿ ಕಾಣುವ ಮೈಯ ಬಗ್ಗೆ ಏನನ್ನಿಸುತ್ತದೆ ಎಂಬುದನ್ನೆಲ್ಲ ಅಳೆದರು.

ಕೇಳಿದವರಲ್ಲಿ ಕೆಲವರಿಗೆ ನಗು ಬರುತ್ತದೆ. ಪ್ರಾಣಕ್ಕೇ ಸಂಚಕಾರ ಬಂದು ಹೋದವರಿಗೆ ಸೊಂಟ ಕುಣಿಸುವ ಪಾಠವೇ? ಇನ್ನು ಕೆಲವರು ಸಂಭ್ರಮದಿಂದ ಎದ್ದು ನಿಂತು, ಕುಣಿತವೇ ಮದ್ದು ಎಂದು ಸಾರಲು ಹೊರಡುತ್ತಾರೆ. ಈ ಎರಡನೆಯವರ ಬಗ್ಗೆಯೇ ಹೆಚ್ಚು ಎಚ್ಚರ ಬೇಕು. ಯಾವ ಕುಣಿತವೂ ಗೆಡ್ಡೆಯನ್ನು ಕರಗಿಸುವುದಿಲ್ಲ. ಆ ಕೆಲಸ ಶಸ್ತ್ರಚಿಕಿತ್ಸೆಯದು, ಕಿಮೊಥೆರಪಿಯದು, ರೇಡಿಯೇಷನ್ನಿನದು, ಮಾತ್ರೆಗಳದು. ಅವೆಲ್ಲ ಮುಗಿದ ಮೇಲೆ ಏನು ಉಳಿಯುತ್ತದೆ, ಅದನ್ನು ಯಾರು ನೋಡಿಕೊಳ್ಳಬೇಕು ಎನ್ನುವಲ್ಲಿಂದ ಕುಣಿತದ ಮಾತು ಶುರುವಾಗುತ್ತದೆ.

ಉಳಿಯುವುದು ಕಡಿಮೆಯೇನಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ರೂಢಿಗೆ ತಂದ ಶಸ್ತ್ರಚಿಕಿತ್ಸೆಯಲ್ಲಿ ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುತ್ತಿದ್ದರು. ಅಷ್ಟೆಲ್ಲ ಕತ್ತರಿಸಬೇಕಿಲ್ಲ ಎಂದು ಬರ್ನಾರ್ಡ್ ಫಿಶರ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಆರಂಭಿಸಿದ ದೊಡ್ಡ ಪ್ರಯೋಗಗಳು ತೋರಿಸುವವರೆಗೂ ಅದರದೇ ಆಳ್ವಿಕೆ. ಈಗ ಕತ್ತರಿ ಸಣ್ಣದಾಗಿದೆ. ಆದರೂ ಕಂಕುಳಿನ ದುಗ್ಧರಸ ಗ್ರಂಥಿಗಳನ್ನು ತೆಗೆದಾಗ, ಆ ಭಾಗಕ್ಕೆ ವಿಕಿರಣ ಕೊಟ್ಟಾಗ ತೋಳಿನಲ್ಲಿ ನೀರು ತುಂಬಿ ಊದಿಕೊಳ್ಳುವ ಲಿಂಫೆಡೀಮಾ ಬರಬಹುದು. ಗಾಯದ ಕಲೆ ಬಿಗಿದು ಭುಜ ಮೇಲೇಳದಂತಾಗುತ್ತದೆ. ತಲೆ ಬಾಚಲು, ರವಿಕೆಯ ತೋಳಿಗೆ ಕೈ ತೂರಿಸಲು, ಅಟ್ಟದ ಡಬ್ಬಿ ಇಳಿಸಲು ತ್ರಾಸ. ಒಂದು ಬದಿ ಖಾಲಿಯಾದ ಎದೆಯನ್ನು ಮರೆಸಲು ಹೆಗಲು ತಾನಾಗಿ ಮುಂದಕ್ಕೆ ಬಾಗಿ, ಬೆನ್ನು ಗೂನಾಗುತ್ತದೆ.

ಇದರ ಮೇಲೆ ಹೆದರಿಕೆಯ ಹೊರೆ ಬೇರೆ. ಆ ಕೈಯಲ್ಲಿ ಭಾರ ಎತ್ತಬೇಡಿ, ಅದನ್ನು ದಣಿಸಬೇಡಿ ಎಂದು ವೈದ್ಯರು ದಶಕಗಳ ಕಾಲ ಹೇಳಿಕೊಂಡೇ ಬಂದಿದ್ದರು. ಹಾಗೆ ಹೇಳಲು ಗಟ್ಟಿ ಪುರಾವೆ ಇರಲಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕ್ರೀಡಾವೈದ್ಯ ಡಾನ್ ಮೆಕೆಂಜಿ 1996ರಲ್ಲಿ ಇದನ್ನು ಪರೀಕ್ಷಿಸಲು ಹೊರಟರು. ಸ್ತನ ಕ್ಯಾನ್ಸರ್ ಆಗಿ ಗುಣವಾಗಿದ್ದ 24 ಮಹಿಳೆಯರಿಗೆ ತರಬೇತಿ ಕೊಟ್ಟು, ಚೀನೀ ಮಾದರಿಯ ಡ್ರ್ಯಾಗನ್ ದೋಣಿಯಲ್ಲಿ ಹುಟ್ಟು ಹಾಕಿಸಿದರು. ಯಾರ ತೋಳೂ ಹೊಸದಾಗಿ ಊದಿಕೊಳ್ಳಲಿಲ್ಲ. ಈಗ ಅಂಥ ತಂಡಗಳು ಹಲವು ದೇಶಗಳಲ್ಲಿವೆ. 2009ರಲ್ಲಿ ಕ್ಯಾಥರಿನ್ ಶ್ಮಿಟ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇನ್ನೂ ಖಚಿತವಾಗಿತ್ತು. ಲಿಂಫೆಡೀಮಾ ಈಗಾಗಲೇ ಇದ್ದ 141 ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಮೇಲ್ವಿಚಾರಣೆಯಲ್ಲಿ, ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಭಾರ ಎತ್ತಿಸಿದರು. ಅವರ ಊತ ಹೆಚ್ಚಲಿಲ್ಲ, ಅದು ಕೆರಳುವ ಪ್ರಸಂಗಗಳೇ ಕಡಿಮೆಯಾದವು. ಅಲ್ಲಿಗೆ ಅಲುಗಾಡದೆ ಕೂರಿ ಎನ್ನುವ ಉಪದೇಶಕ್ಕೆ ಆಧಾರ ಉಳಿಯಲಿಲ್ಲ.

ಹಾಗಾದರೆ ಅಲುಗಾಡುವುದು ಹೇಗೆ? ಬೆಲ್ಲಿ ಡಾನ್ಸಿನ ಹೆಸರಿನಲ್ಲಿ ಹೊಟ್ಟೆ ಇದೆಯೇ ಹೊರತು, ಹೊಸಬರಿಗೆ ಮೊದಲು ನೋಯುವುದು ಹೆಗಲು. ತೋಳುಗಳನ್ನು ಭುಜದ ಮಟ್ಟಕ್ಕೆ ಎತ್ತಿ ಹಿಡಿಯಬೇಕು, ಭುಜದಿಂದ ಮೊಣಕೈಗೆ, ಅಲ್ಲಿಂದ ಮಣಿಕಟ್ಟಿಗೆ ಹಾವಿನಂತೆ ಅಲೆ ಹರಿಸಬೇಕು. ಎದೆಗೂಡನ್ನು ಮಾತ್ರ ಮುಂದೆ, ಹಿಂದೆ, ಪಕ್ಕಕ್ಕೆ ಸರಿಸಬೇಕು. ಸೊಂಟ ಎಂಟರ ಅಂಕಿ ಬರೆಯುವಾಗ ಮೇಲಿನ ಮೈ ಕದಲಬಾರದು. ಬೆನ್ನು ಬಾಗಿಸಿಕೊಂಡು ಇದ್ಯಾವುದನ್ನೂ ಮಾಡಲಾಗುವುದಿಲ್ಲ. ಜಿಗಿತವಿಲ್ಲ, ನೆಲಕ್ಕೆ ಬೀಳುವುದಿಲ್ಲ, ಮಂಡಿಗೆ ಪೆಟ್ಟಿಲ್ಲ. ಹಾರ್ಮೋನ್ ಮಾತ್ರೆಗಳಿಂದ ಕೀಲು ಹಿಡಿದುಕೊಂಡವರಿಗೆ ಇದು ಸಣ್ಣ ಅನುಕೂಲವಲ್ಲ. ಇನ್ನೊಂದು ಸಂಗತಿಯನ್ನು ಸಂಶೋಧನಾ ಪ್ರಬಂಧಗಳು ಹೇಳುವುದಿಲ್ಲ: ಈ ನೃತ್ಯದ ಮಣಿ ಪೋಣಿಸಿದ ಮೇಲುಡುಪು ಮೊದಲೇ ಗಟ್ಟಿ ಪ್ಯಾಡು ಇಟ್ಟು ಹೊಲಿದದ್ದು. ಒಳಗೆ ಏನಿದೆ, ಏನಿಲ್ಲ ಎಂಬುದು ಎದುರು ಕೂತವರಿಗೆ ತಿಳಿಯುವುದೇ ಇಲ್ಲ.

ಪುರಾವೆ ಎಷ್ಟಿದೆ? ಇದ್ದಷ್ಟನ್ನೇ ಹೇಳುವುದು ಒಳ್ಳೆಯದು. 2005ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ 35 ಮಹಿಳೆಯರು 12 ವಾರಗಳ ನೃತ್ಯ ಕಾರ್ಯಕ್ರಮದ ಪ್ರಯೋಗವನ್ನು ಪೂರೈಸಿದರು. ಅದು ಬೆಲ್ಲಿ ಡಾನ್ಸ್ ಅಲ್ಲ, ಸ್ತನ ಶಸ್ತ್ರಚಿಕಿತ್ಸೆಯಾದವರಿಗೆಂದೇ ರೂಪಿಸಿದ ಲೆಬೆಡ್ ಪದ್ಧತಿ. ಕುಣಿದವರ ಜೀವನದ ಗುಣಮಟ್ಟ ಸುಧಾರಿಸಿತ್ತು. ಭುಜದ ಚಲನೆಯೇನೋ ಕುಣಿದವರಲ್ಲೂ ಸರದಿಗೆ ಕಾದವರಲ್ಲೂ ಹೆಚ್ಚಿತ್ತು. 2015ರಲ್ಲಿ ಕಾಕ್ರೇನ್ ಸಂಸ್ಥೆಯ ಪರಾಮರ್ಶೆ ಕ್ಯಾನ್ಸರ್ ಮತ್ತು ನೃತ್ಯ ಚಿಕಿತ್ಸೆಯ ಬಗ್ಗೆ ಲಭ್ಯವಿದ್ದ ಪ್ರಯೋಗಗಳನ್ನು ಸೋಸಿದಾಗ ಕೈಗೆ ಸಿಕ್ಕಿದ್ದು ಬರೀ ಮೂರು, ಭಾಗವಹಿಸಿದವರು ಒಟ್ಟು 207 ಮಂದಿ. ಖಿನ್ನತೆ, ಆತಂಕ, ಆಯಾಸ, ದೇಹದ ಬಗೆಗಿನ ಭಾವನೆ ಇವುಗಳಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ. ಹಾಂಗ್‌ಕಾಂಗ್‌ನಲ್ಲಿ ವಿಕಿರಣ ಚಿಕಿತ್ಸೆಯ ನಡುವೆ ಇದ್ದ 139 ಹೆಂಗಸರ ಅಧ್ಯಯನದಲ್ಲಿ ಮನಸ್ಸಿನ ಒತ್ತಡವೂ ನೋವೂ ಇಳಿದವು, ಉಳಿದವು ಹಾಗೇ ಇದ್ದವು. ಬೆಲ್ಲಿ ಡಾನ್ಸಿನದೇ ಪ್ರಯೋಗಗಳೂ ಚಿಕ್ಕವೇ. ಅವು ಆಶಾದಾಯಕ ನಿಜ, ಆದರೆ ಪಿಲಾಟೆಸ್‌ಗಿಂತ ಬೆಲ್ಲಿ ಡಾನ್ಸ್ ಮೇಲು ಎಂದು ಎದೆತಟ್ಟಿ ಹೇಳುವಷ್ಟು ಬಲ ಅವಕ್ಕಿಲ್ಲ.

ಇಷ್ಟು ಸಪ್ಪೆ ಫಲಿತಾಂಶ ಕಂಡು ಕೈಬಿಡಬೇಕೇ? ಬೇಕಿಲ್ಲ. ಒಂದು ವ್ಯಾಯಾಮ ಇನ್ನೊಂದನ್ನು ಸೋಲಿಸದಿದ್ದಾಗ ಆಯ್ಕೆಯನ್ನು ಕೋಷ್ಟಕಕ್ಕೆ ಬಿಡದೆ ಆ ಹೆಂಗಸಿನ ಇಷ್ಟಕ್ಕೆ ಬಿಡಬಹುದು. ಆಸ್ಪತ್ರೆ ಕೊಡುವ ವ್ಯಾಯಾಮದ ಹಾಳೆಯಲ್ಲಿ ಗೋಡೆಯ ಮೇಲೆ ಬೆರಳು ಹತ್ತಿಸುವ ಚಿತ್ರವಿರುತ್ತದೆ. ಅದು ಸರಿಯಾದದ್ದೇ, ಮೊದಲ ವಾರಗಳಲ್ಲಿ ಅದನ್ನು ಬಿಟ್ಟರೆ ಬೇರೆ ದಾರಿಯೂ ಇಲ್ಲ. ಆದರೆ ಎರಡು ತಿಂಗಳಾದ ಮೇಲೂ ಗೋಡೆಯ ಮುಂದೆ ಖುಷಿಯಿಂದ ನಿಲ್ಲುವವರು ಎಷ್ಟು ಮಂದಿ? ವಾರ ವಾರ ತಪ್ಪದೆ ಬರುವಂತೆ ಮಾಡುವ ವ್ಯಾಯಾಮಕ್ಕೆ ಆ ಒಂದು ಗುಣದಿಂದಲೇ ಬೆಲೆ ಬರುತ್ತದೆ. ಹಾಡು, ಸೊಂಟದ ಪಟ್ಟಿಯ ನಾಣ್ಯಗಳ ಸದ್ದು, ತನ್ನಂಥದೇ ಗಾಯವಿರುವ ಹತ್ತು ಜನರ ಜೊತೆ, ಇವು ಆ ಕೆಲಸ ಮಾಡುತ್ತವೆ.

ಇದಕ್ಕೆ ಬಲವಾದ ಆಕ್ಷೇಪ ಬರುವುದು ವೈದ್ಯರಿಂದಲ್ಲ. ಅಮೆರಿಕದ ಕವಿ ಆಡ್ರೆ ಲಾರ್ಡ್ ಸ್ತನ ತೆಗೆಸಿಕೊಂಡ ಮೇಲೆ ಕೃತಕ ಸ್ತನ ಧರಿಸಲು ಒಪ್ಪಲಿಲ್ಲ. ಧರಿಸದೆ ಬಂದರೆ ಇತರ ರೋಗಿಗಳ ಧೈರ್ಯ ಕುಂದುತ್ತದೆ ಎಂಬರ್ಥದ ಮಾತನ್ನು ವೈದ್ಯರ ಕೋಣೆಯಲ್ಲೇ ಕೇಳಬೇಕಾಯಿತು. 1980ರ ತಮ್ಮ ‘ದಿ ಕ್ಯಾನ್ಸರ್ ಜರ್ನಲ್ಸ್’ ಪುಸ್ತಕದಲ್ಲಿ ಅವರು ಇದರ ಮೇಲೆ ಸಿಟ್ಟಿನಿಂದ ಬರೆದರು: ಬದುಕುಳಿದವಳ ಮೇಲೆ ಸಮಾಜ ಮೊದಲು ಹೇರುವುದು ಮತ್ತೆ ಹೆಣ್ಣಾಗಿ ಕಾಣುವ ಕರ್ತವ್ಯ. ಆ ಕಣ್ಣಿನಿಂದ ನೋಡಿದರೆ, ಗಂಡಸರು ಕಣ್ಣರಳಿಸಿ ನೋಡುವ ನೃತ್ಯವೆಂದೇ ಹೆಸರಾದ ಬೆಲ್ಲಿ ಡಾನ್ಸ್ ಅದೇ ಹೇರಿಕೆಯ ಇನ್ನೊಂದು ವೇಷವಲ್ಲವೇ?

ಆಕ್ಷೇಪದಲ್ಲಿ ಹುರುಳಿದೆ. ಈಗ ಲೋಕಕ್ಕೆ ಪರಿಚಯವಿರುವ ರೂಪ ವೇದಿಕೆಯದೇ. 1893ರ ಷಿಕಾಗೋ ವಿಶ್ವ ಮೇಳದಲ್ಲಿ ಅಮೆರಿಕನ್ನರು ಅದನ್ನು ಬಾಯ್ಬಿಟ್ಟು ನೋಡಿದರು. 1926ರಲ್ಲಿ ಬದಿಯಾ ಮಸಾಬ್ನಿ ಕೈರೋದಲ್ಲಿ ತೆರೆದ ರಂಜನಾಗೃಹದಿಂದ ತಹಿಯಾ ಕಾರಿಯೋಕಾ, ಸಾಮಿಯಾ ಗಮಾಲ್‌ರಂಥ ತಾರೆಯರು ಹೊರಟು ಸಿನಿಮಾಕ್ಕೆ ಹೋದರು. ಆದರೆ ಈಜಿಪ್ಟಿನ ಮನೆಗಳಲ್ಲಿ, ಮದುವೆಯ ಹಿಂದಿನ ರಾತ್ರಿಗಳಲ್ಲಿ ಹೆಂಗಸರು ಹೆಂಗಸರೆದುರೇ ಕುಣಿಯುವ ರೂಢಿ ಈಗಲೂ ಇದೆ. ಅಲ್ಲಿ ಅಜ್ಜಿಯೂ ಕುಣಿಯುತ್ತಾಳೆ, ಆರು ಹೆತ್ತವಳೂ ಕುಣಿಯುತ್ತಾಳೆ. ಮೈಕಟ್ಟಿನ ಪರೀಕ್ಷೆ ಇಲ್ಲ. ಕ್ಯಾನ್ಸರಿನ ನಂತರದ ತರಗತಿ ಈ ಮನೆಯ ಕುಣಿತದ ಕಡೆಗೆ ವಾಲಿದರೆ ಲಾರ್ಡ್ ಅವರ ಸಿಟ್ಟಿಗೆ ಕಾರಣವಿರದು. ವಾರ್ಷಿಕೋತ್ಸವದ ವೇದಿಕೆ, ಗುಲಾಬಿ ರಿಬ್ಬನ್ನು, ಪ್ರಾಯೋಜಕರ ಫಲಕ ಎಂದು ಹೊರಟರೆ ಇದೆ.

ಭಾರತದಲ್ಲಿ ಈ ಚರ್ಚೆ ಬಂದಾಗಲೆಲ್ಲ ಆನಂದಾ ಶಂಕರ್ ಜಯಂತ್ ಅವರ ಹೆಸರು ಬರುತ್ತದೆ. ಹೈದರಾಬಾದಿನ ಈ ಭರತನಾಟ್ಯ ಕಲಾವಿದೆಗೆ 2008ರಲ್ಲಿ ಸ್ತನ ಕ್ಯಾನ್ಸರ್ ಎಂದು ತಿಳಿಯಿತು. ಚಿಕಿತ್ಸೆಯ ನಡುವೆಯೇ ಅವರು ನರ್ತಿಸಿದರು. 2009ರ ನವೆಂಬರಿನಲ್ಲಿ ಮೈಸೂರಿನಲ್ಲಿ ನಡೆದ ಟೆಡ್ ಇಂಡಿಯಾ ಸಮಾವೇಶದಲ್ಲಿ ಆ ಅನುಭವ ಹೇಳಿ, ಸಿಂಹವನ್ನೇರಿದ ದುರ್ಗೆಯನ್ನು ಅಭಿನಯಿಸಿ ತೋರಿಸಿದರು. ನೋಡಿದವರು ಮರೆಯುವಂಥದ್ದಲ್ಲ. ಆದರೆ ಬಾಲ್ಯದಿಂದ ನೃತ್ಯವೇ ಉಸಿರಾಗಿದ್ದವರ ಕತೆಯನ್ನು ಜನ್ಮದಲ್ಲಿ ಕುಣಿಯದವರಿಗೆ ಮಾದರಿಯಾಗಿ ಹಿಡಿಯುವುದು ಸರಿಯಲ್ಲ. ಜಯಂತ್ ತಮಗೆ ಗೊತ್ತಿದ್ದ ಮನೆಗೆ ಮರಳಿದರು, ಮಿಕ್ಕವರಿಗೆ ಅಂಥ ಮನೆಯೇ ಇಲ್ಲ.

ಅವರಿಗೆ ಪರದೇಶದ ಕಲೆಯೇ ಸಲೀಸಾಗಬಹುದು. ಫ್ಲೋರಿಯಾನೊಪೊಲಿಸ್‌ನ ಹೆಂಗಸರಿಗೆ ಅರಬ್ಬರ ಕುಣಿತ ಹೇಗೋ, ಹ್ಯೂಸ್ಟನ್ನಿನ ಹೆಂಗಸರಿಗೆ ಯೋಗ ಹಾಗೆ. ಅಲ್ಲಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರ ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಸಂಸ್ಥೆಯ ಜೊತೆಗೂಡಿ 163 ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ನಡೆಸಿದ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ದೈಹಿಕ ಚಟುವಟಿಕೆಯ ಶಕ್ತಿಯಲ್ಲಿ ಯೋಗ ಮಾಡಿದವರು ಬರೀ ಮೈ ಚಾಚುವ ವ್ಯಾಯಾಮ ಮಾಡಿದವರಿಗಿಂತ ಮುಂದಿದ್ದರು. ಹೊರಗಿನಿಂದ ಬಂದ ವಿದ್ಯೆಯಲ್ಲಿ ಎಲ್ಲರೂ ಹೊಸಬರು. ಹದಿನಾಲ್ಕಕ್ಕೆ ಬಿಟ್ಟ ಭರತನಾಟ್ಯವನ್ನು ಐವತ್ತರಲ್ಲಿ ಎತ್ತಿಕೊಂಡವಳಿಗೆ ಹಳೆಯ ಅರಮಂಡಿ ನೆನಪಾಗಿ ಕಾಡುತ್ತದೆ. ಬೆಲ್ಲಿ ಡಾನ್ಸಿನಲ್ಲಿ ಅವಳಿಗೆ ಹೋಲಿಸಿಕೊಳ್ಳಲು ಹಳೆಯ ಮೈಯೇ ಇಲ್ಲ.

ಹಾಗೆಂದು ಯಾರು ಬೇಕಾದರೂ, ಯಾವಾಗ ಬೇಕಾದರೂ ಶುರುಮಾಡುವಂಥದ್ದಲ್ಲ. ಹೊಟ್ಟೆಯ ಸ್ನಾಯು, ಕೊಬ್ಬು ತೆಗೆದು ಸ್ತನ ಮರುರಚಿಸಿಕೊಂಡವರಿಗೆ ಹೊಟ್ಟೆ ಕುಣಿಸುವ ಮುನ್ನ ಶಸ್ತ್ರವೈದ್ಯರ ಒಪ್ಪಿಗೆ ಬೇಕೇ ಬೇಕು. ಕ್ಯಾನ್ಸರ್ ಮೂಳೆಗೆ ಹರಡಿದವರಿಗೆ ನಿಯಮವೇ ಬೇರೆ. ಕಂಕುಳಿನಿಂದ ತೋಳಿನ ಕಡೆಗೆ ದಾರದಂತೆ ಬಿಗಿದ ಎಳೆ ಕಂಡರೆ ನೃತ್ಯ ಶಿಕ್ಷಕಿಗಿಂತ ಮೊದಲು ಫಿಸಿಯೋಥೆರಪಿಸ್ಟ್ ನೋಡಬೇಕು. ನೃತ್ಯ ಕಲಿಸುವವರಿಗೆ ಇದು ಗೊತ್ತಿರುವುದಿಲ್ಲ, ಗೊತ್ತಿರುವ ಫಿಸಿಯೋಥೆರಪಿಸ್ಟ್‌ಗೆ ಕುಣಿಯಲು ಬರುವುದಿಲ್ಲ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ನಿಲ್ಲಿಸುವುದೇ ಕಷ್ಟದ ಕೆಲಸ.

ಜಾಗತಿಕ ಕ್ಯಾನ್ಸರ್ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 1,92,000 ಹೊಸ ಸ್ತನ ಕ್ಯಾನ್ಸರ್ ಪ್ರಕರಣಗಳಿದ್ದವು. ಹಾರ್ಮೋನ್ ಮಾತ್ರೆ ಬೇಕಾದವರು ಅದನ್ನು ಐದು ವರ್ಷ, ಕೆಲವೊಮ್ಮೆ ಹತ್ತು ವರ್ಷ ನುಂಗಬೇಕು. ಅಷ್ಟು ದೀರ್ಘ ಕಾಲಕ್ಕೆ ಆಸ್ಪತ್ರೆಯ ಕಡೆಯಿಂದ ಸಿಗುವುದು ಹೆಚ್ಚಾಗಿ ತಪಾಸಣೆಯ ದಿನಾಂಕವಷ್ಟೆ. ವಾರಕ್ಕೆರಡು ಸಂಜೆ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಹಾಲ್, ಕುಣಿತ ಕಲಿಸುವ ಒಬ್ಬರು, ತೋಳಿನ ಸುತ್ತಳತೆ ಬರೆದಿಡುವ ಒಬ್ಬರು ಫಿಸಿಯೋಥೆರಪಿಸ್ಟ್, ಒಂದು ಸ್ಪೀಕರ್: ಖರ್ಚು ಇಷ್ಟೇ. ಅಲ್ಲಿ ಬೆಲ್ಲಿ ಡಾನ್ಸ್ ಬೇಕೋ ಕೋಲಾಟ ಬೇಕೋ ಎಂಬುದನ್ನು ಬಂದ ಹೆಂಗಸರೇ ಮೊದಲ ದಿನ ತೀರ್ಮಾನಿಸಬಹುದು.