ನಗು ಆಫ್ ಮಾಡಿ ನೋಡಿ
ಕೊರಿಯಾ ಯುದ್ಧದ ಸೇನಾ ಆಸ್ಪತ್ರೆಯಲ್ಲಿ ನಡೆಯುವ ಅಮೆರಿಕದ ಹಳೆಯ ಹಾಸ್ಯ ಧಾರಾವಾಹಿ ‘ಮ್ಯಾಷ್’ನ ಎಂಟನೇ ಸೀಸನ್ನನ್ನು ಈ ವಾರ ಡಿವಿಡಿಯಲ್ಲಿ ಮತ್ತೆ ನೋಡಿದೆ. ಮೆನುವಿನಲ್ಲೊಂದು ಪುಣ್ಯದ ಆಯ್ಕೆಯಿದೆ: ಹಿನ್ನೆಲೆಯ ರೆಡಿಮೇಡ್ ನಗುವನ್ನು ಆಫ್ ಮಾಡಬಹುದು. ಹಾಗೆ ಮಾಡಿದರೆ ಮೊದಲ ಸೀಸನ್‌ಗಳ ಸರ್ಜನ್ ಫ್ರ್ಯಾಂಕ್ ಬರ್ನ್ಸ್ ಪಾಪ, ಸಪ್ಪೆಯಾಗಿಬಿಡುತ್ತಾನೆ. ಎಲ್ಲರೂ ಗೋಳು ಹುಯ್ದುಕೊಳ್ಳಲೆಂದೇ ಇಟ್ಟ ಪೆದ್ದ ಅವನು. ಅವನ ಜಾಗಕ್ಕೆ ಬಂದ ಬಾಸ್ಟನ್ನಿನ ಸಿರಿವಂತ ಸರ್ಜನ್ ವಿಂಚೆಸ್ಟರ್‌ಗೆ ಆ ನಗುವಿನ ಹಂಗಿಲ್ಲ. ಗತ್ತು ಅವನದೇ, ಕೈಚಳಕವೂ ಅವನದೇ. 1980ರ ಒಂದು ಕಂತಿನಲ್ಲಿ, ಬಲಗೈ ಸ್ವಾಧೀನ ತಪ್ಪಿದ ಪಿಯಾನೋ ವಾದಕ ಸೈನಿಕನಿಗೆ, ಎಡಗೈಗೆಂದೇ ರವೆಲ್ ರಚಿಸಿದ ಕೃತಿಯನ್ನು ಈ ಜಂಬದ ಕೋಳಿಯೇ ತರಿಸಿಕೊಡುತ್ತಾನೆ. ಬರ್ನ್ಸ್‌ನಿಂದ ಇದನ್ನು ಊಹಿಸಲೂ ಆಗದು. ಮೂರು ವರ್ಷದ ಕೊರಿಯಾ ಯುದ್ಧವನ್ನು 11 ಸೀಸನ್ ಎಳೆದರು, ಕೊನೆಕೊನೆಗೆ ಬರೀ ಉಪದೇಶ ಎಂಬ ದೂರು ಸುಳ್ಳೇನಲ್ಲ. ಕಥಾನಾಯಕ ಹಾಕೈ ಭಾಷಣಕ್ಕೆ ನಿಂತನೆಂದರೆ ನಾನು ರಿಮೋಟ್ ಹುಡುಕುತ್ತೇನೆ.