ಶಿಫಾರಸು ಪತ್ರವನ್ನು ವಿದ್ಯಾರ್ಥಿಯಿಂದಲೇ ಬರೆಸಬೇಡಿ

ಡಿಸೆಂಬರ್ ಬಂತೆಂದರೆ ಅಮೆರಿಕದ ತತ್ತ್ವಶಾಸ್ತ್ರ ವಿಭಾಗಗಳಿಂದ ನನಗೆ ಇಮೇಲ್‌ಗಳು ಬರತೊಡಗುತ್ತವೆ. ಅಲ್ಲಿ ಪಿಎಚ್‌ಡಿಗೆ ಅರ್ಜಿ ಹಾಕಿದ ನಮ್ಮ ಹುಡುಗ ಹುಡುಗಿಯರು ಶಿಫಾರಸು ಮಾಡುವವರ ಜಾಗದಲ್ಲಿ ನನ್ನ ಹೆಸರು ಕೊಟ್ಟಿರುತ್ತಾರೆ. ಲಿಂಕ್ ತೆರೆದರೆ ಒಂದು ಕೋಷ್ಟಕ: ನೀವು ಕಲಿಸಿದವರಲ್ಲಿ ಈ ವಿದ್ಯಾರ್ಥಿ ಮೊದಲ ಶೇ 1ರೊಳಗೆ ಬರುತ್ತಾರೋ, ಶೇ 5ರೊಳಗೋ, ಶೇ 10ರೊಳಗೋ? ಜೊತೆಗೆ ಸಾಮಾನ್ಯವಾಗಿ ಇನ್ನೊಂದು ಸಾಲು ಇರುತ್ತದೆ: ಈ ಪತ್ರವನ್ನು ಓದುವ ಹಕ್ಕನ್ನು ಅರ್ಜಿದಾರರು ಬಿಟ್ಟುಕೊಟ್ಟಿದ್ದಾರೆ. ನಾನೇನು ಬರೆದೆ ಎಂಬುದು ಆ ವಿದ್ಯಾರ್ಥಿಗೆ ಎಂದೂ ತಿಳಿಯುವುದಿಲ್ಲ. ಇಷ್ಟು ನಂಬಿ ಕೊಟ್ಟ ಕೆಲಸವನ್ನು ನಮ್ಮ ಕಾಲೇಜುಗಳಲ್ಲಿ ಎಷ್ಟು ಹಗುರಾಗಿ ನೋಡುತ್ತಾರೆ ಎಂಬುದೇ ನನ್ನ ಚಿಂತೆ.

ಕರ್ನಾಟಕದ ಮನೆಮನೆಗೂ ಪ್ರವೇಶದ ಒಂದು ಬಗೆ ಚೆನ್ನಾಗಿ ಗೊತ್ತು. ಸಿಇಟಿ ಬರೆದರೆ ರ‍್ಯಾಂಕ್ ಬರುತ್ತದೆ. ಹಿಂದಿನ ವರ್ಷದ ಕಟ್‌ಆಫ್ ನೋಡಿದರೆ ಯಾವ ಕಾಲೇಜು ಸಿಕ್ಕೀತೆಂದು ಅಂದಾಜಾಗುತ್ತದೆ. ಕೆಇಎ ಅಣಕು ಸೀಟು ಹಂಚಿಕೆಯನ್ನೂ ಮಾಡಿ ತೋರಿಸುತ್ತದೆ. ತತ್ತ್ವಶಾಸ್ತ್ರದ ಪಿಎಚ್‌ಡಿಗೆ ಇದ್ಯಾವುದೂ ಇಲ್ಲ. ಜಿಆರ್‌ಇ ಅಂಕವನ್ನು ಕೂಡ ಈಗ ಹೆಚ್ಚಿನ ವಿಭಾಗಗಳು ಕೇಳುವುದಿಲ್ಲ. ಕೇಳುವುದು ಅಂಕಪಟ್ಟಿ, ಏಕೆ ಓದಬೇಕೆಂದು ಹೇಳುವ ಒಂದು ಬರಹ, ಹದಿನೈದು ಇಪ್ಪತ್ತು ಪುಟದ ಪ್ರಬಂಧ ಮತ್ತು ಮೂರು ಶಿಫಾರಸು ಪತ್ರ. ಗದಗ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ ಎಪಿಎಂಸಿ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಫೆಬ್ರುವರಿಯಲ್ಲಿ ಫೋನ್ ಮಾಡಿದರು. "ಮೇಡಂ, ನಮ್ಮ ಹುಡುಗಿ ಲಿಸ್ಟ್‌ನ್ಯಾಗ ಎಷ್ಟನೇ ನಂಬರಿಗೆ ಅದಾಳ್ರೀ?" ಅಂಥ ಲಿಸ್ಟ್ ಹೊರಗೆ ಬಿಡುವುದಿಲ್ಲ ಎಂದೆ. "ಲಿಸ್ಟ್ ಇಲ್ದ ಸೀಟ್ ಹ್ಯಾಂಗ ಕೊಡ್ತಾರ್ರೀ?" ಎಂದರು. ನ್ಯಾಯವಾದ ಪ್ರಶ್ನೆ.

ಹೆಸರಾಂತ ವಿಭಾಗವೊಂದಕ್ಕೆ ನೂರಾರು ಅರ್ಜಿ ಬರುತ್ತವೆ, ಸೇರುವವರು ಐದರಿಂದ ಹತ್ತು ಮಂದಿ. ಸೇರಿದವರಿಗೆ ಶುಲ್ಕ ಇಲ್ಲ, ಸಾಮಾನ್ಯವಾಗಿ ಐದು ವರ್ಷ ಸ್ಟೈಪೆಂಡ್ ಇರುತ್ತದೆ. ಅದಕ್ಕೆ ಪ್ರತಿಯಾಗಿ ಪದವಿ ತರಗತಿಗಳ ಪಾಠದಲ್ಲಿ ನೆರವಾಗಬೇಕು. ಒಬ್ಬರನ್ನು ಆರಿಸುವುದೆಂದರೆ ಅಷ್ಟು ವರ್ಷದ ಖರ್ಚು ಹೊರುವುದು. ಆದ್ದರಿಂದ ಸಮಿತಿ ಜಾಣತನವೊಂದನ್ನೇ ನೋಡುವುದಿಲ್ಲ. ಕಾಂಟ್ ಓದುವವರು ಈಗಾಗಲೇ ಮೂವರಿದ್ದರೆ ನಾಲ್ಕನೆಯವರಿಗೆ ಜಾಗ ಕಷ್ಟ. ಮಾರ್ಗದರ್ಶಕರು ನಿವೃತ್ತಿಯ ಅಂಚಿನಲ್ಲಿದ್ದರೂ ಹಾಗೆಯೇ. ಕೆಲವೊಮ್ಮೆ ಬಾಗಿಲೇ ಮುಚ್ಚುತ್ತದೆ. 2024ರ ನವೆಂಬರ್‌ನಲ್ಲಿ ಬಾಸ್ಟನ್ ವಿಶ್ವವಿದ್ಯಾಲಯವು ತತ್ತ್ವಶಾಸ್ತ್ರವೂ ಸೇರಿ ಹತ್ತಕ್ಕೂ ಹೆಚ್ಚು ಮಾನವಿಕ ಮತ್ತು ಸಮಾಜವಿಜ್ಞಾನ ವಿಷಯಗಳಲ್ಲಿ ಮುಂದಿನ ಸಾಲಿನ ಪಿಎಚ್‌ಡಿ ಪ್ರವೇಶವನ್ನು ತಡೆಹಿಡಿಯಿತು. 2025ರಲ್ಲಿ ಹಣದ ಮುಗ್ಗಟ್ಟು ಹೇಳಿ ಇನ್ನೂ ಹಲವರು ಸೀಟು ಇಳಿಸಿದರು. ಇವು ಧಾರವಾಡದಲ್ಲಿ ಕೂತ ನಮ್ಮ ಕೈಯಲ್ಲಿಲ್ಲ.

ನಮ್ಮ ಕೈಯಲ್ಲಿರುವುದು ಏನೆಂದು ತಿಳಿಯಲು ಗದಗ ಕಡೆಯ ಆ ಹುಡುಗಿಯ ಪ್ರಬಂಧವನ್ನೇ ನೋಡಬಹುದು. ಅದರ ವಿಷಯ ಇದು: ಹೊಗೆ ಕಂಡಲ್ಲಿ ಬೆಂಕಿ ಇದೆ ಎಂದು ತರ್ಕಿಸಲು ಎರಡರ ನಡುವಿನ ವ್ಯಾಪ್ತಿ, ಅಂದರೆ ಎಂದೂ ತಪ್ಪದ ನಂಟು, ಗೊತ್ತಿರಬೇಕು. ಕಂಡಿರದ ಊರಿನ, ಇನ್ನೂ ಬಾರದ ಕಾಲದ ಹೊಗೆಗೂ ಅದು ಸಲ್ಲುತ್ತದೆಂದು ಹೇಗೆ ಹೇಳುತ್ತೀರಿ ಎಂಬುದು ಚಾರ್ವಾಕರ ಆಕ್ಷೇಪ. ಉದಯನಾಚಾರ್ಯರು ನ್ಯಾಯಕುಸುಮಾಂಜಲಿಯಲ್ಲಿ ಇದಕ್ಕೆ ಉತ್ತರಿಸುತ್ತಾರೆ: ಸಂದೇಹ ಪಡುವವನ ಸ್ವಂತ ನಡೆಯೇ ಆ ಸಂದೇಹಕ್ಕೆ ಅಡ್ಡ ಬಂದಾಗ ಅದು ಅಲ್ಲಿಗೆ ನಿಲ್ಲಬೇಕು. ಶ್ರೀಹರ್ಷ ಖಂಡನಖಂಡಖಾದ್ಯದಲ್ಲಿ ಉದಯನರ ಶ್ಲೋಕವನ್ನೇ ತುಸು ಬದಲಿಸಿ ಅವರಿಗೇ ತಿರುಗಿಸುತ್ತಾನೆ: ಅಡ್ಡ ಬರುತ್ತದೆ ಎನ್ನಬೇಕಾದರೆ ಸಂದೇಹ ಇದ್ದೇ ಇರಬೇಕಲ್ಲ! ಶ್ರೀಹರ್ಷನ ಈ ತಿರುಗುಬಾಣ ಎಲ್ಲಿ ಗುರಿ ತಪ್ಪುತ್ತದೆ ಎಂಬುದನ್ನು ಆಕೆ ಹೆಜ್ಜೆಹೆಜ್ಜೆಯಾಗಿ ತೋರಿಸಿದ್ದಳು. ಎಂ.ಎ. ಮಟ್ಟದಲ್ಲಿ ಅಷ್ಟು ನಿಖರವಾದ ಬರಹ ಅಪರೂಪ. ಆದರೆ ಅಮೆರಿಕದ ಹೆಚ್ಚಿನ ವಿಭಾಗಗಳಲ್ಲಿ ಭಾರತೀಯ ತತ್ತ್ವಶಾಸ್ತ್ರ ಬಲ್ಲವರು ಒಬ್ಬರೂ ಇಲ್ಲ. ಉದಯನರ ಹೆಸರೇ ಕೇಳಿರದವರು ಈ ಪ್ರಬಂಧವನ್ನು ಕೈಗೆತ್ತಿಕೊಂಡಾಗ, ಇದರಲ್ಲಿ ಹೊಸದೇನು, ಕಷ್ಟದ್ದೇನು ಎಂದು ತಿಳಿಸಬಲ್ಲದ್ದು ಕಲಿಸಿದವರ ಪತ್ರ ಮಾತ್ರ.

ಅಂಥ ಪತ್ರ ಕೇಳಿ ಬಂದವರಿಗೆ ನಮ್ಮಲ್ಲಿ ಸಿಗುವ ಉತ್ತರ ಇದು: "ನೀನೇ ಬರಕೊಂಡು ಬಾ, ಸಹಿ ಮಾಡತೀನಿ." ಆಕೆಗೂ ಒಬ್ಬರು ಹೀಗೆಂದರು. ಇಪ್ಪತ್ತೆರಡರ ಹುಡುಗಿ ತನ್ನ ಬಗ್ಗೆ ತಾನೇ ಏನು ಬರೆದಾಳು? ಹೊಗಳಿಕೊಳ್ಳಲು ನಾಚಿಕೆ, ಬಿಡಲು ಭಯ. ಎಲ್ಲಿಂದಲೋ ಒಂದು ಮಾದರಿ ತೆಗೆದು, ಪರಿಶ್ರಮಿ, ವಿನಯವಂತೆ, ಸನ್ನಡತೆಯವಳು ಎಂದು ಬರೆದು ಕೊಡುತ್ತಾಳೆ. ಅದು ಟಿಸಿ ಜೊತೆ ಕೊಡುವ ನಡತೆ ಪ್ರಮಾಣಪತ್ರವಾಯಿತೇ ಹೊರತು ಶಿಫಾರಸಾಗಲಿಲ್ಲ. ಮೂವರೂ ಹೀಗೇ ಬರೆಸಿದರೆ, ಮೂರೂ ಪತ್ರ ಒಂದೇ ಕೈಯವು ಎಂದು ಓದಿದವರಿಗೆ ಕ್ಷಣದಲ್ಲಿ ತಿಳಿಯುತ್ತದೆ. ಆಗ ಅನುಮಾನ ಬೀಳುವುದು ಅಧ್ಯಾಪಕರ ಮೇಲಲ್ಲ, ಆ ಹುಡುಗಿಯ ಮೇಲೆ. ಪರದೇಶದ ಪದ್ಧತಿ ನಮಗೆ ಗೊತ್ತಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಿರಿಯಣ್ಣನವರು ಮೈಸೂರಿನಲ್ಲಿ ವರ್ಷಗಟ್ಟಲೆ ಮಾಡಿದ ತರಗತಿಯ ಪಾಠಗಳೇ ಬೆಳೆದು 1932ರಲ್ಲಿ ಲಂಡನ್‌ನಲ್ಲಿ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ಯಾಗಿ ಹೊರಬಂದವು. ಆ ನೆಲದ ಮೇಷ್ಟ್ರುಗಳಿಗೆ ಒಂದೂವರೆ ಪುಟದ ಪತ್ರ ಬರೆಯುವುದು ಶಕ್ತಿ ಮೀರಿದ ಕೆಲಸವಲ್ಲ. ವಿದ್ಯಾರ್ಥಿ ತರಗತಿಯಲ್ಲಿ ಕೇಳಿದ ಒಂದು ಪ್ರಶ್ನೆ, ಪ್ರಬಂಧದ ಮೊದಲ ಕರಡಿಗೂ ಕೊನೆಯ ಕರಡಿಗೂ ಆದ ಬದಲಾವಣೆ, ನಾವು ಒಪ್ಪದೆಯೂ ಮೆಚ್ಚಿದ ಒಂದು ವಾದ, ಇಷ್ಟಿದ್ದರೆ ಸಾಕು. ಇದಕ್ಕೆ ಆ ಪ್ರಬಂಧವನ್ನು ಓದಿರಬೇಕು, ಅಷ್ಟೆ.

ಇನ್ನು ಖರ್ಚು. ಒಂದು ಅರ್ಜಿಗೆ 75ರಿಂದ 125 ಡಾಲರ್, ಅಂದರೆ ಸುಮಾರು ಆರೂವರೆ ಸಾವಿರದಿಂದ ಹನ್ನೊಂದು ಸಾವಿರ ರೂಪಾಯಿ. ಸೀಟು ಖಾತರಿಯಿಲ್ಲದ್ದರಿಂದ ಎಂಟು ಹತ್ತು ಕಡೆ ಹಾಕಿ ಎನ್ನುತ್ತಾರೆ. ಅಡತಿ ಅಂಗಡಿಯ ಸಂಬಳದಲ್ಲಿ ಅದು ಆಗುವ ಮಾತಲ್ಲ. ಕಷ್ಟ ಹೇಳಿಕೊಂಡು ಮೊದಲೇ ಬರೆದರೆ ಕೆಲವು ವಿಶ್ವವಿದ್ಯಾಲಯಗಳು ಶುಲ್ಕ ಬಿಡುತ್ತವೆ. ಕೆಲವು ಈ ರಿಯಾಯಿತಿಯನ್ನು ತಮ್ಮ ದೇಶದವರಿಗಷ್ಟೇ ಕೊಡುತ್ತವೆ. ನಮ್ಮ ಸರ್ಕಾರಗಳ ವಿದೇಶ ವ್ಯಾಸಂಗದ ನೆರವು ಬಹುತೇಕ ಸೀಟು ಸಿಕ್ಕ ಮೇಲಿನದು. ಅರ್ಜಿ ಹಾಕುವ ಹಂತದಲ್ಲೇ ಸೋತವರು ಅದರ ಲೆಕ್ಕಕ್ಕೆ ಬರುವುದಿಲ್ಲ. ಅರ್ಜಿ ಶುಲ್ಕಕ್ಕೆಂದೇ ಒಂದು ಸಣ್ಣ ನಿಧಿಯನ್ನು ನಮ್ಮ ವಿಶ್ವವಿದ್ಯಾಲಯಗಳು ಇಡಬಹುದು. ಟ್ರಾನ್ಸ್‌ಕ್ರಿಪ್ಟ್ ಕೇಳಿದ ವಿದ್ಯಾರ್ಥಿಯನ್ನು ಪರೀಕ್ಷಾ ವಿಭಾಗದ ಕಿಟಕಿಯಿಂದ ಕಿಟಕಿಗೆ ಅಲೆದಾಡಿಸದೆ ವಾರದೊಳಗೆ ಕೊಡಲಂತೂ ಹಣವೂ ಬೇಡ.

ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಕಾಯುವಿಕೆಯ ಬಗ್ಗೆ ತಂದೆತಾಯಿಗೆ ಒಂದು ಮಾತು. ಸ್ಟೈಪೆಂಡ್ ಸಮೇತ ಸೀಟು ಸಿಕ್ಕವರು ಒಪ್ಪಿಗೆ ತಿಳಿಸಲು ಅಮೆರಿಕದ ಬಹುಪಾಲು ವಿಶ್ವವಿದ್ಯಾಲಯಗಳಲ್ಲಿ ಏಪ್ರಿಲ್ 15ರವರೆಗೆ ಅವಕಾಶವಿದೆ. ಎರಡು ಮೂರು ಕಡೆ ಸಿಕ್ಕವರು ಎಲ್ಲವನ್ನೂ ಆ ದಿನದವರೆಗೆ ಹಿಡಿದಿಟ್ಟುಕೊಂಡರೆ ವೇಟ್‌ಲಿಸ್ಟ್ ಅಲ್ಲಾಡುವುದಿಲ್ಲ. ಮಾರ್ಚ್‌ನಲ್ಲಿ ಸುದ್ದಿ ಬರಲಿಲ್ಲವೆಂದರೆ ಮಗು ಫೇಲಾಯಿತೆಂದು ಅರ್ಥವಲ್ಲ. "ಏನಾತು, ಏನಾತು" ಎಂದು ದಿನವೂ ಕೇಳಬೇಡಿ. ಬೇಡವಾದ ಸೀಟನ್ನು ಕೈಯಲ್ಲಿಟ್ಟುಕೊಂಡಿರುವ ವಿದ್ಯಾರ್ಥಿಗಳೇ, ಅದನ್ನು ಇಂದೇ ಬಿಟ್ಟುಕೊಡಿ. ಅದಕ್ಕಾಗಿ ಕಾಯುತ್ತಿರುವವರು ಮತ್ತೊಂದು ಊರಿನ ನಿಮ್ಮಂಥವರೇ.

ನನ್ನ ವಿದ್ಯಾರ್ಥಿನಿಗೆ ಒಂದು ಕಡೆ ವೇಟ್‌ಲಿಸ್ಟ್ ಆಯಿತು, ಉಳಿದೆಡೆ ಇಲ್ಲವೆಂದರು. ಏಪ್ರಿಲ್ 15 ಕಳೆಯಿತು, ಸೀಟು ಬರಲಿಲ್ಲ. ಆಕೆಯ ಪ್ರಬಂಧ ಅಂದು ಎಷ್ಟು ಚೆನ್ನಾಗಿತ್ತೋ ಇಂದೂ ಅಷ್ಟೇ ಚೆನ್ನಾಗಿದೆ ಎಂದು ತಂದೆಗೆ ಹೇಳಿದೆ. ಸಮಾಧಾನಕ್ಕೆ ಹೇಳಿದ್ದಲ್ಲ, ಸಮಿತಿಯ ನಿರ್ಧಾರದಿಂದ ಅದರ ಒಂದು ಸಾಲೂ ಸುಳ್ಳಾಗಿಲ್ಲ. ಈಗ ಆಕೆ ಯುಜಿಸಿ ನೆಟ್ ಪರೀಕ್ಷೆಗೆ ಓದುತ್ತಿದ್ದಾಳೆ. ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್, ಹೈದರಾಬಾದ್ ವಿಶ್ವವಿದ್ಯಾಲಯದಲ್ಲೋ ಐಐಟಿ ಬಾಂಬೆಯಲ್ಲೋ ಸಂಶೋಧನೆಗೆ ಪ್ರಯತ್ನಿಸಬಹುದು. ಡಿಸೆಂಬರ್‌ನಲ್ಲಿ ಅಮೆರಿಕಕ್ಕೂ ಮತ್ತೆ ಅರ್ಜಿ ಹಾಕುತ್ತಾಳಂತೆ, ಈ ಸಲ ಭಾರತೀಯ ತತ್ತ್ವಶಾಸ್ತ್ರ ಕಲಿಸುವ ವಿಭಾಗಗಳನ್ನೇ ಹುಡುಕಿ.

ಸಹೋದ್ಯೋಗಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ಶಿಫಾರಸು ಕೇಳಿ ಬಂದವರ ಪ್ರಬಂಧವನ್ನು ಅಕ್ಟೋಬರ್‌ನಲ್ಲೇ ತರಿಸಿಕೊಂಡು ಓದಿ, ಪತ್ರವನ್ನು ನೀವೇ ಬರೆಯಿರಿ. ಆಗದಿದ್ದರೆ ಆಗುವುದಿಲ್ಲವೆಂದು ಅಂದೇ ಹೇಳಿಬಿಡಿ, ಅವರು ಬೇರೆಯವರನ್ನು ಕೇಳಿಕೊಳ್ಳುತ್ತಾರೆ.