ಹೆಸರು ಬರೆಯದ ಕಾಯಿಲೆ ಲೆಕ್ಕಕ್ಕೂ ಸಿಗಲ್ಲ

ನಮ್ಮೂರುಗಳಲ್ಲಿ ಅದಕ್ಕೆ ‘ಕೆಳಗಿನ ತೊಂದರೆ’ ಅಂತಾರೆ. ಮನೆಯಲ್ಲಿ ನಾಚಿಕೆ ಇರಲಿ, ಆಸ್ಪತ್ರೆ ಚೀಟಿಗೂ ನಾಚಿಕೆಯೇ?

ಯೋನಿಯ ಹೊರಭಾಗಕ್ಕೆ ಬರುವ ಕ್ಯಾನ್ಸರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯಲ್ಲಿ ಸಿ51 ಎಂಬ ಕೋಡ್ ಇದೆ. ಹೊರತುಟಿಗೆ ಬಂದರೆ ಸಿ51.0, ಒಳತುಟಿಗೆ ಬಂದರೆ ಸಿ51.1. ಗರ್ಭಕಂಠದ ಕ್ಯಾನ್ಸರ್ ಬೇರೆ, ಅದು ಸಿ53. ವೈದ್ಯರು ಬರೀ ‘ಜನನಾಂಗದ ಕ್ಯಾನ್ಸರ್’ ಎಂದು ಗೀಚಿದರೆ ಅದು ಸಿ57.9 ಎಂಬ ಮೂಲೆಗೆ ಬೀಳುತ್ತದೆ. ಅಂದರೆ, ಯಾವ ಅಂಗವೋ ಗೊತ್ತಿಲ್ಲ!

ಕೋಡ್ ಹಾಕಿದರೆ ರೋಗ ವಾಸಿಯಾಗುತ್ತಾ ಎಂದು ಕೇಳಬೇಡಿ. ಯಾವ ಕ್ಯಾನ್ಸರ್ ಎಷ್ಟು ಜನಕ್ಕೆ ಬಂತೆಂದು ಲೆಕ್ಕ ಸಿಗುವುದು ಇಂಥ ಕೋಡ್‌ಗಳಿಂದಲೇ. ಜಾನುವಾರು ಗಣತಿಯಲ್ಲಿ ಹಸು, ಎಮ್ಮೆ, ಕುರಿ, ಮೇಕೆ ಎಲ್ಲಕ್ಕೂ ಬೇರೆ ಬೇರೆ ಲೆಕ್ಕವಿದೆ. ನಮ್ಮ ಅಕ್ಕಂದಿರ ಕಾಯಿಲೆಗೆ ಯಾಕಿಲ್ಲ?

ಕೋಡ್ ಹಾಕುವ ಸಿಬ್ಬಂದಿಯನ್ನು ನಾವು ದೂರುವುದಿಲ್ಲ. ವೈದ್ಯರು ಬರೆದದ್ದನ್ನಷ್ಟೇ ಅವರು ಹಾಕಬಲ್ಲರು. ಆದ್ದರಿಂದ ಡಾಕ್ಟರೇ, ಅಂಗದ ಹೆಸರು ಸ್ಪಷ್ಟವಾಗಿ ಬರೆಯಿರಿ.

ಅಕ್ಕಂದಿರೇ, ವಾಸಿಯಾಗದ ತುರಿಕೆ, ಗಂಟು, ಹುಣ್ಣು ಇದ್ದರೆ ಮುಚ್ಚಿಡಬೇಡಿ, ಬೇಗ ತೋರಿಸಿ. ಡಿಸ್ಚಾರ್ಜ್ ಆಗುವಾಗ ಒಂದೇ ಮಾತು ಕೇಳಿ: ‘ನನ್ನ ಕಾಯಿಲೆ ಹೆಸರು ಇದರಲ್ಲಿ ಸರಿಯಾಗಿ ಬರೆದಿದೆಯಾ?’